ಗೋಡೆಯ ಮೇಲಿನ ಹುಸಿ ಹಳಮೆ

ಹಳೆಯದಾಗಿರುವುದು ಬೇರೆ, ಹಳೆಯದರಂತೆ ತೋರುವುದು ಬೇರೆ. ಮೊದಲನೆಯದಕ್ಕೆ ಕಾಲ ಬೇಕು. ಎರಡನೆಯದಕ್ಕೆ ಬಣ್ಣ ಸಾಕು. ಈ ಭೇದವು ಎಳೆಯರಿಗೂ ತಿಳಿಯತಕ್ಕದ್ದಾದರೂ ಈಚೆಗೆ ವಿದ್ಯಾವಂತರ ನಡುವೆಯೇ ಅದು ಮರೆತುಹೋಗುತ್ತಿರುವ ಲಕ್ಷಣಗಳು ಕಾಣಿಸುತ್ತಿವೆ. ಸಣ್ಣ ಊರುಗಳ ಹಳೆಯ ಕಟ್ಟಡಗಳನ್ನು ಹುಡುಕಿ, ಅವುಗಳ ಹೊರಗೋಡೆಯ ಮೇಲೆ ಗತಕಾಲದ ಜಾಹೀರಾತೆಂದೋ ಗತಕಾಲದ ಬೀದಿಯ ನೋಟವೆಂದೋ ಭ್ರಮೆ ಹುಟ್ಟುವಂತೆ ದೊಡ್ಡ ದೊಡ್ಡ ಚಿತ್ರಗಳನ್ನು ಬರೆಯಿಸುವ ರೂಢಿಯೊಂದು ದೇಶದೇಶಗಳಲ್ಲಿ ಹಬ್ಬಿದೆ. ಎತ್ತಿನ ಗಾಡಿ, ಗ್ರಾಮಫೋನು, ಸೀಮೆಎಣ್ಣೆಯ ದೀಪ, ಜರಿಪೇಟದ ಗೃಹಸ್ಥ, ಸಾಬೂನು ಹಿಡಿದ ನಗುಮುಖದ ಗೃಹಿಣಿ, ಇವೇ ಅದರ ವಸ್ತುಗಳು. ಚಿತ್ರ ಮುಗಿದು ಬಣ್ಣ ಆರಿದ ಮೇಲೆ ಅದನ್ನು ಮರಳುಕಾಗದದಿಂದ ತಿಕ್ಕಿ, ಅಲ್ಲಲ್ಲಿ ಕಂದುನೀರು ಬಳಿದು, ನೂರು ವರ್ಷದ ಮಳೆಬಿಸಿಲು ತಿಂದ ಹಾಗೆ ಮಾಡುವುದು ಅದಕ್ಕೆ ನಡೆಯುವ ಕೊನೆಯ ಸಂಸ್ಕಾರ. ಇದಕ್ಕೆ ‘ವಿಂಟೇಜ್’ ಚಿತ್ರವೆಂದು ಹೆಸರು. ಈ ರೂಢಿಯನ್ನು ನೇತ್ರಾವತಿಯ ದಡದ ಪಾಣೆಮಂಗಳೂರಿನಂತಹ ಪೇಟೆಗಳಿಗೆ ತರುವುದು ಯುಕ್ತವೇ ಎಂಬುದು ಇಲ್ಲಿ ವಿಚಾರಕ್ಕೆತ್ತಿಕೊಂಡಿರುವ ಪ್ರಶ್ನೆ. ಯುಕ್ತವಲ್ಲವೆಂಬುದೇ ಸಿದ್ಧಾಂತ. ಆದರೆ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಮರ್ಯಾದೆಯಲ್ಲವಾದುದರಿಂದ ಎರಡನ್ನೂ ಕ್ರಮವಾಗಿ ಪರಿಶೀಲಿಸತಕ್ಕದ್ದು.

ಮೊದಲು ಪೇಟೆಯ ಸ್ಥಿತಿ. ಪಾಣೆಮಂಗಳೂರು ನೇತ್ರಾವತಿಯ ತೆಂಕಣ ದಡದಲ್ಲಿದೆ. ಬಡಗಣ ದಡದಲ್ಲಿ ಬಂಟ್ವಾಳ. ರಸ್ತೆಗಳು ಬಲಿಯುವ ಮುನ್ನ ಹೊಳೆಯೇ ಹೆದ್ದಾರಿಯಾಗಿದ್ದ ಕಾಲದಲ್ಲಿ ಈ ಎರಡು ಪೇಟೆಗಳೂ ದೋಣಿಯ ವ್ಯಾಪಾರದಿಂದ ಬೆಳೆದವು. ಘಟ್ಟದ ಕಡೆಯ ಸರಕು ಇಳಿದುಬಂದು ಇಲ್ಲಿ ದೋಣಿಗೇರಿ ಮಂಗಳೂರಿಗೆ ಹೋಗುತ್ತಿತ್ತು. ಕಡಲ ಕಡೆಯ ಉಪ್ಪು, ಒಣಮೀನುಗಳು ಇಲ್ಲಿ ಇಳಿದು ಘಟ್ಟವೇರುತ್ತಿದ್ದವು. ಕೊಂಕಣಿ ವರ್ತಕರು, ಬ್ಯಾರಿ ವ್ಯಾಪಾರಿಗಳು, ಅಂಬಿಗರು, ಹೊರೆಯಾಳುಗಳು ಕೂಡಿ ಕಟ್ಟಿದ ಪೇಟೆಯಿದು. ವೀರವಿಠಲ ದೇವಸ್ಥಾನವೂ ಮಸೀದಿಗಳೂ ಹಂಚಿನ ಮಾಡಿನ ಅಂಗಡಿಸಾಲೂ ಆ ಬಾಳಿನ ಸಾಕ್ಷಿಗಳಾಗಿವೆ. ಬ್ರಿಟಿಷರ ಕಾಲದಲ್ಲಿ ಹೊಳೆಗೆ ಉಕ್ಕಿನ ಸೇತುವೆಯಾಯಿತು. ಕಾಲಾಂತರದಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯು ಹೊಸ ಸೇತುವೆಯನ್ನು ಹಿಡಿದು, ಪೇಟೆಯ ಬೀದಿಯನ್ನು ಬದಿಗೆ ಬಿಟ್ಟಿತು. ದಾರಿ ತಪ್ಪಿದ ಪೇಟೆಗೆ ಗಿರಾಕಿ ತಪ್ಪುವುದೂ, ಗಿರಾಕಿ ತಪ್ಪಿದ ಅಂಗಡಿಗೆ ಸುಣ್ಣ ತಪ್ಪುವುದೂ ಲೋಕಸಿದ್ಧ. ಗೋಡೆಗಳಲ್ಲಿ ಹಾವಸೆ ಹತ್ತಿದೆ, ಗಾರೆ ಹೊಪ್ಪಳಿಕೆಯೆದ್ದಿದೆ, ಮಾಡಿನ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ಇಂತಹ ಗೋಡೆಯನ್ನು ಕಂಡಾಗಲೇ ಚಿತ್ರಪ್ರಿಯರ ಕೈ ತುರಿಸುವುದು.

ಪೂರ್ವಪಕ್ಷದವರ ವಾದವು ಹೀಗೆ: ‘ಪೇಟೆ ಹೇಗೂ ಬಾಡಿದೆ. ಬಣ್ಣ ಹಚ್ಚಿದರೆ ನೋಡುವುದಕ್ಕಾದರೂ ನಾಲ್ಕು ಜನ ಬಂದಾರು, ಬಂದವರು ಚಹ ಕುಡಿದಾರು, ಸಾಮಾನು ಕೊಂಡಾರು. ಫ್ಲೆಕ್ಸಿನ ಹಾವಳಿಯಿಂದ ಕೆಲಸ ಕಳೆದುಕೊಂಡ ಬೋರ್ಡು ಬರೆಯುವ ಕಲಾವಿದರಿಗೆ ಅನ್ನ ಸಿಕ್ಕೀತು. ಗೋಡೆಯ ಮೇಲೆ ಚಿತ್ರ ಬರೆಯುವುದು ಈ ದೇಶದ ಪ್ರಾಚೀನ ಸಂಪ್ರದಾಯವೇ ಅಲ್ಲವೇ? ಚಿತ್ರವೆಂದಮೇಲೆ ಅದು ಭ್ರಮೆಯೇ. ಅದಕ್ಕೆ ಸತ್ಯಾಸತ್ಯಗಳ ಪರೀಕ್ಷೆ ಏಕೆ?’ ಈ ವಾದದಲ್ಲಿ ಸದುದ್ದೇಶವಿದೆ. ಊರಿನ ಮೇಲಣ ಮಮತೆಯಿದೆ. ಆದುದರಿಂದಲೇ ಅದನ್ನು ನಕ್ಕು ತಳ್ಳಿಬಿಡದೆ ಒಂದೊಂದಾಗಿ ಬಿಡಿಸಿ ನೋಡಬೇಕಾಗಿದೆ.

ಸಂಪ್ರದಾಯದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಭಿತ್ತಿಚಿತ್ರವು ಕನ್ನಡ ನಾಡಿಗೆ ಹೊಸತಲ್ಲವೆಂಬುದು ನಿಜ. ಬಾದಾಮಿಯಲ್ಲಿ ಕ್ರಿ.ಶ. ೫೭೮ರ ಶಾಸನವಿರುವ ಮೂರನೆಯ ಗುಹಾಲಯದಲ್ಲಿ ಚಿತ್ರಗಳ ಅವಶೇಷವಿದೆ. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮುಚ್ಚಿಗೆಯಲ್ಲಿ ಚಿತ್ರಗಳಿವೆ. ಶ್ರವಣಬೆಳಗೊಳದ ಮಠದ ಗೋಡೆಗಳಲ್ಲಿಯೂ ಇವೆ. ಆದರೆ ಇವುಗಳಲ್ಲಿ ಯಾವ ಚಿತ್ರಕಾರನೂ ತನ್ನ ಚಿತ್ರವು ತನಗಿಂತ ನೂರು ವರ್ಷ ಹಿಂದಿನದೆಂದು ತೋರಲೆಂಬ ಆಸೆಯಿಂದ ಕುಂಚ ಹಿಡಿದವನಲ್ಲ. ಮೂಡಬಿದಿರೆಯಲ್ಲಿ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಮಂದಿ ನಾರಿಯರನ್ನು ಹೆಣೆದು ಆನೆಯನ್ನೂ, ಐವರನ್ನು ಹೆಣೆದು ಕುದುರೆಯನ್ನೂ ಬಿಡಿಸಿದ ಶಿಲ್ಪಿಯು, ಆ ಮರವನ್ನು ಹೊಚ್ಚಹೊಸದಾಗಿಯೇ ಒಡೆಯನಿಗೆ ಒಪ್ಪಿಸಿದನು. ಹಳೆಯದಾಗಿ ಮಾಡುವ ಕೆಲಸವನ್ನು ಕಾಲಕ್ಕೆ ಬಿಟ್ಟನು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ೧೮೯೯ರಿಂದ ಮೊದಲ್ಗೊಂಡು ಚಿತ್ರಗಳಿಂದ ತುಂಬಿದ ಇಟಲಿಯ ಅಂತೋನಿಯೊ ಮೊಸ್ಕೇನಿಯೂ ಹಾಗೆಯೇ ಮಾಡಿದನು. ತನ್ನ ಕಾಲದ ಕೈಯಿಂದ, ತನ್ನ ಕಾಲದ ಭಕ್ತರಿಗಾಗಿ, ತನಗೆ ಬಂದ ವಿದ್ಯೆಯನ್ನು ಮರೆಮಾಚದೆ ಬರೆದನು. ಸಂಪ್ರದಾಯವೆಂಬುದು ಇದು. ಹಳೆಯ ಚಿತ್ರಕಾರರು ಹೊಸದನ್ನು ಬರೆದರು. ಈಗಿನವರು ಹಳೆಯದನ್ನು ಬರೆಯಹೊರಟಿದ್ದಾರೆ. ಇವರು ಅವರ ವಂಶದವರೆಂದು ಹೇಳಿಕೊಳ್ಳುವುದು ಹೇಗೆ?

ಇನ್ನು ಶಾಸ್ತ್ರದ ಮಾತು. ೧೨ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ದಲ್ಲಿ ಚಿತ್ರವನ್ನು ಕುರಿತು ವಿಸ್ತಾರವಾದ ಪ್ರಕರಣವಿದೆ. ಅಲ್ಲಿ ಚಿತ್ರದ ಭೇದಗಳನ್ನು ಹೇಳುವಾಗ ವಿದ್ಧವೆಂದೂ ಅವಿದ್ಧವೆಂದೂ ಎರಡನ್ನು ಬೇರ್ಪಡಿಸಿದೆ. ಕನ್ನಡಿಯಲ್ಲಿ ಬಿಂಬ ಕಾಣುವಂತೆ ಇದ್ದುದನ್ನು ಇದ್ದ ಹಾಗೆ ಬರೆಯುವುದು ವಿದ್ಧಚಿತ್ರ. ಮನಸ್ಸಿಗೆ ತೋರಿದಾಗ ಆಕಾರಮಾತ್ರವನ್ನು ಕಲ್ಪಿಸಿ ಬರೆಯುವುದು ಅವಿದ್ಧಚಿತ್ರ. ಎರಡೂ ಗ್ರಾಹ್ಯವೇ, ಎರಡಕ್ಕೂ ತಮ್ಮ ತಮ್ಮ ಸ್ಥಾನವಿದೆ. ದೋಷವು ಹುಟ್ಟುವುದು ಒಂದನ್ನು ಇನ್ನೊಂದೆಂದು ಹೇಳಿದಾಗ. ಪಾಣೆಮಂಗಳೂರಿನ ಬೀದಿಯಲ್ಲಿ ಎಂದೂ ಇಲ್ಲದ ಅಂಗಡಿಯೊಂದರ ಹೆಸರು ಬರೆದು, ಎಂದೂ ಮಾರದ ಸಾಬೂನನ್ನು ಅಲ್ಲಿ ಚಿತ್ರಿಸಿ, ಅದರ ಕೆಳಗೆ ಒಂದು ಹಳೆಯ ಇಸವಿಯನ್ನು ಹಾಕಿ, ಆಮೇಲೆ ತಿಕ್ಕಿ ಮಾಸಿಸಿದರೆ, ಅದು ಅವಿದ್ಧವು ವಿದ್ಧದ ವೇಷ ಹಾಕಿದಂತಾಯಿತು. ಕಲ್ಪನೆಯು ಸಾಕ್ಷಿಯ ಪಂಜರದಲ್ಲಿ ನಿಂತು ಪ್ರಮಾಣ ಮಾಡಿದಂತಾಯಿತು.

ಇದಕ್ಕೆ ಪೂರ್ವಪಕ್ಷದ ಪಂಡಿತರು ಚಿತ್ರತುರಗನ್ಯಾಯವನ್ನು ಮುಂದಿಡಬಹುದು. ಕಾಶ್ಮೀರದ ಶಂಕುಕನು ರಸವಿಚಾರದಲ್ಲಿ ಹೇಳಿದ, ಅಭಿನವಗುಪ್ತನ ವ್ಯಾಖ್ಯಾನದಿಂದ ಇಂದಿನವರಿಗೆ ತಿಳಿದುಬಂದಿರುವ ನ್ಯಾಯವದು. ಚಿತ್ರದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗ ಆಗುವ ಜ್ಞಾನವು ಸಮ್ಯಗ್ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಮಾತ್ರವೂ ಅಲ್ಲ, ಅದು ವಿಲಕ್ಷಣವಾದುದು. ಹಾಗಿರಲು ಗೋಡೆಯ ಮೇಲಣ ಹಳೆಯ ಅಂಗಡಿಗೆ ಸುಳ್ಳಿನ ಆರೋಪವೇಕೆ? ಉತ್ತರ ಸುಲಭ. ಚಿತ್ರದ ಕುದುರೆಯನ್ನು ಕಂಡವನಾರೂ ಹುರುಳಿ ತರುವುದಿಲ್ಲ. ಅದು ಚಿತ್ರವೆಂಬ ಅರಿವು ಅವನಿಗೆ ಹಿಂದೆಯೂ ಇದೆ, ಮುಂದೆಯೂ ಇದೆ. ಆದರೆ ಹಳೆಯ ಕಟ್ಟಡದ ಮೇಲೆ ಮಾಸಿದ ಅಕ್ಷರದಲ್ಲಿ ಒಂದು ಅಂಗಡಿಯ ಹೆಸರೂ ಇಸವಿಯೂ ಕಂಡರೆ ನೋಡುವವನು ಅದನ್ನು ಚಿತ್ರವೆಂದು ಓದುವುದಿಲ್ಲ, ಲೇಖವೆಂದು ಓದುತ್ತಾನೆ. ಇಸವಿಯು ಕುದುರೆಯಲ್ಲ. ಅದು ಒಂದು ಹೇಳಿಕೆ. ಹೇಳಿಕೆಯು ನಿಜವಾಗಿರಬೇಕು, ಇಲ್ಲವೇ ಸುಳ್ಳಾಗಿರಬೇಕು. ತಾಮ್ರಶಾಸನವನ್ನು ಕೃತಕವಾಗಿ ಮಾಡಿದವರನ್ನು ಚರಿತ್ರಕಾರರು ಕೂಟಶಾಸನದವರೆಂದು ಕರೆಯುತ್ತಾರೆ. ಬಣ್ಣದ ಶಾಸನಕ್ಕೆ ಬೇರೆ ಹೆಸರೇಕೆ?

‘ಇಂದು ಬರೆದದ್ದೆಂದು ಎಲ್ಲರಿಗೂ ಗೊತ್ತಿದೆಯಲ್ಲ’ ಎಂದರೆ, ಇಂದು ಗೊತ್ತಿದೆ. ಮೂವತ್ತು ವರ್ಷದ ಮೇಲೆ ಯಾರಿಗೆ ಗೊತ್ತಿರುವುದು? ಅಷ್ಟರೊಳಗೆ ಆ ಹುಸಿಫಲಕಕ್ಕೇ ನಿಜವಾದ ಹಳಮೆ ಹತ್ತುವುದು. ಬರೆಯಿಸಿದವರು ಇರಲಾರರು, ಕಂಡವರು ಊರು ಬಿಟ್ಟಿರುವರು. ಊರಿನ ಚರಿತ್ರೆಯನ್ನು ಬರೆಯಲು ಬಂದ ತರುಣನು ಆ ಗೋಡೆಯನ್ನು ನೋಡಿ ತನ್ನ ಪುಸ್ತಕದಲ್ಲಿ ಅದನ್ನು ಸೇರಿಸಿಕೊಳ್ಳುವನು. ಆಗ ಸುಳ್ಳಿಗೆ ಅಚ್ಚಿನ ಪ್ರಾಮಾಣ್ಯವೂ ಒದಗುವುದು. ಸಣ್ಣ ಪೇಟೆಗಳಿಗೆ ರಾಜಧಾನಿಗಳಂತೆ ದಫ್ತರಗಳಿಲ್ಲ, ಚರಿತ್ರೆಯ ಗ್ರಂಥಗಳಿಲ್ಲ. ಅವುಗಳಿಗಿರುವ ದಫ್ತರವೆಂದರೆ ಗೋಡೆ, ಮಾಡು, ಜಗಲಿ, ಬಾಗಿಲಿನ ಹಲಗೆ. ಇದ್ದ ಒಂದೇ ದಫ್ತರದಲ್ಲಿ ಸುಳ್ಳುಕಡತವನ್ನು ಸೇರಿಸುವುದು ಎಂತಹ ಉಪಕಾರ?

ಆ ಚಿತ್ರಗಳು ಗತಕಾಲಕ್ಕಾದರೂ ನ್ಯಾಯ ಸಲ್ಲಿಸುತ್ತವೆಯೇ ಎಂದರೆ ಅದೂ ಇಲ್ಲ. ಗತಕಾಲವು ಕಂದುಬಣ್ಣದ್ದಾಗಿರಲಿಲ್ಲ. ಕಂದಾಗಿರುವುದು ಆ ಕಾಲದ ಛಾಯಾಚಿತ್ರದ ಕಾಗದ. ರಸಾಯನದ ಗುಣವನ್ನು ಲೋಕದ ಗುಣವೆಂದು ತಿಳಿದು, ಅಂದಿನ ಆಕಾಶವನ್ನೂ ಅಂದಿನ ಸೀರೆಯನ್ನೂ ಕಂದಾಗಿ ಬರೆಯುವುದು ಅವಿವೇಕ. ಅಂದಿನ ಅಂಗಡಿಯ ಫಲಕವು ಬರೆದ ದಿನ ಕಣ್ಣು ಕುಕ್ಕುವ ಕೆಂಪು, ಹಳದಿ, ನೀಲಿಗಳಿಂದ ಹೊಳೆಯುತ್ತಿತ್ತು. ಮಾಸಿದ ಫಲಕವನ್ನು ಯಾವ ವ್ಯಾಪಾರಿಯೂ ಹಣ ಕೊಟ್ಟು ಬರೆಯಿಸಿದವನಲ್ಲ. ಇನ್ನು ವಸ್ತು. ಗ್ರಾಮಫೋನಿನ ಮುಂದೆ ಕುಳಿತ ಗೃಹಸ್ಥನು ಎಲ್ಲ ಊರಿನ ಗೋಡೆಯಲ್ಲಿಯೂ ಒಂದೇ ಬಗೆಯಾಗಿ ಕುಳಿತಿರುತ್ತಾನೆ. ಹೊಳೆಯಲ್ಲಿ ಜಲ್ಲೆಯೂರಿದ ಅಂಬಿಗನೆಲ್ಲಿ? ಅಕ್ಕಿಮುಡಿಯನ್ನು ತಲೆಯ ಮೇಲೆ ಹೊತ್ತ ಆಳೆಲ್ಲಿ? ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತಿ ಸಂಸಾರ ನಡೆಸಿದ ಹೆಂಗಸರೆಲ್ಲಿ? ಪೇಟೆಯನ್ನು ನಿಜವಾಗಿ ಕಟ್ಟಿದವರು ಈ ಚಿತ್ರಗಳಲ್ಲಿ ಕಾಣಿಸುವುದೇ ಅಪರೂಪ. ಎಲ್ಲ ಊರಿಗೂ ಒಪ್ಪುವ ಹಳಮೆಯು ಯಾವ ಊರಿನದೂ ಅಲ್ಲ.

ಇಷ್ಟು ಚಿತ್ರದ ದೋಷ. ಇದಕ್ಕಿಂತ ದೊಡ್ಡದು ಗೋಡೆಗೆ ಬರುವ ಕೇಡು. ಅದನ್ನು ಮನೆಯೊಡೆಯರು ವಿಶೇಷವಾಗಿ ಗಮನಿಸತಕ್ಕದ್ದು. ಈ ಸೀಮೆಯ ಹಳೆಯ ಕಟ್ಟಡದ ಗೋಡೆ ಮುರಕಲ್ಲಿನದು. ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆಯಂತೆ ಕಡಿದು ಬಳಸುವುದರಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಅವನ ಗ್ರಂಥವು ೧೮೦೭ರಲ್ಲಿ ಪ್ರಕಟವಾಯಿತು. ನೆಲದಲ್ಲಿರುವಾಗ ಮೆದುವಾಗಿದ್ದು ಗಾಳಿಗೆ ಬಂದಮೇಲೆ ಗಡುಸಾಗುವ ಈ ಕಲ್ಲಿನ ತುಂಬ ರಂಧ್ರಗಳು. ಅದು ನೀರನ್ನು ಕುಡಿಯುವುದು. ಬಿಸಿಲು ಬಂದಾಗ ಹೊರಗೆ ಬಿಡುವುದು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಬೀಳುವುದು. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ. ಇಷ್ಟು ನೀರನ್ನು ಕುಡಿದ ಗೋಡೆಯು ಉಸಿರಾಡಬೇಡವೇ? ಹಿರಿಯರು ಈ ಗುಣವನ್ನರಿತೇ ಅದಕ್ಕೆ ಸುಣ್ಣದ ಗಾರೆಯನ್ನೂ ಸುಣ್ಣದ ಬಿಳುಪನ್ನೂ ಕೊಟ್ಟರು. ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವುದು. ಆದರೆ ರಂಧ್ರಗಳನ್ನು ಮುಚ್ಚುವುದಿಲ್ಲ. ಅದರ ಕ್ಷಾರಗುಣದಿಂದ ಹಾವಸೆಯೂ ಬೇಗನೆ ಹತ್ತುವುದಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೋ ತೇರಿಗೋ ಸುಣ್ಣ ಬಳಿಯುವ ಪದ್ಧತಿ ಬರಿಯ ಶೃಂಗಾರವಾಗಿರಲಿಲ್ಲ. ಅದು ಗೋಡೆಗೆ ವರ್ಷವರ್ಷ ಸಲ್ಲುತ್ತಿದ್ದ ಚಿಕಿತ್ಸೆ.

ಇಂತಹ ಗೋಡೆಗೆ ಎನಾಮೆಲ್ ಬಣ್ಣವನ್ನೋ ಪ್ಲಾಸ್ಟಿಕ್ ಎಮಲ್ಷನ್ನನ್ನೋ ದಪ್ಪವಾಗಿ ಹಚ್ಚಿದರೆ ಮೈಮೇಲೆ ಪೊರೆ ಕಟ್ಟುವುದು. ಮಾಡಿನಿಂದಲೂ ನೆಲದಿಂದಲೂ ಗೋಡೆಯೊಳಗೆ ಸೇರಿದ ನೀರು ಹೊರಗೆ ಬರಲಾರದು. ನೀರಿನಲ್ಲಿ ಕರಗಿದ ಲವಣಗಳು ಪೊರೆಯ ಹಿಂದೆ ಹರಳುಗಟ್ಟಿ ಅದನ್ನು ನೂಕುವುವು. ಮೊದಲು ಗುಳ್ಳೆ, ಆಮೇಲೆ ಹೊಪ್ಪಳಿಕೆ, ಕೊನೆಗೆ ಚಿತ್ರದ ಜೊತೆಯಲ್ಲಿ ಹಳೆಯ ಗಾರೆಯೂ ಕಳಚಿ ನೆಲಕ್ಕೆ. ಆಗ ಮನೆಯೊಡೆಯನಿಗೆ ಸಲಹೆ ಕೊಡುವವರು ಸಿಮೆಂಟಿನ ಗಾರೆ ಬಳಿಯೆಂದು ಹೇಳುವರು. ಅದು ಇನ್ನೂ ಗಟ್ಟಿಯಾದ ಪೊರೆ. ಅದೂ ಬಿರಿದಮೇಲೆ, ‘ಹಳೆಯ ಗೋಡೆ, ಇನ್ನು ನಿಲ್ಲದು’ ಎಂಬ ತೀರ್ಪು ಬರುವುದು. ಹಂಚಿನ ಮಾಡು ಇಳಿದು ಕಾಂಕ್ರೀಟಿನ ಮಳಿಗೆ ಏಳುವುದು. ಹಳಮೆಯನ್ನು ಮೆರೆಸಲು ಬಂದ ಚಿತ್ರವೇ ಹಳಮೆಯ ಮೃತ್ಯುವಾಗುವ ಬಗೆ ಇದು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಮಿಗಿಲಾದ ಉದಾಹರಣೆ ಸಿಕ್ಕುವುದು ಕಷ್ಟ.

‘ಉಸಿರಾಡುವ ಬಣ್ಣಗಳೂ ಇವೆ’ ಎಂದು ಬಲ್ಲವರು ಹೇಳಬಹುದು. ಇವೆ. ಜರ್ಮನಿಯ ಅಡೋಲ್ಫ್ ಕೈಮ್ ಎಂಬವನು ೧೮೭೮ರಲ್ಲಿಯೇ ಪೊರೆ ಕಟ್ಟದ, ಗಾರೆಯೊಡನೆ ಬೆರೆತುಹೋಗುವ ಖನಿಜವರ್ಣಗಳನ್ನು ಸಾಧಿಸಿ ಹಕ್ಕುಪತ್ರ ಪಡೆದನು. ಸುಣ್ಣದಲ್ಲಿ ಕೆಮ್ಮಣ್ಣನ್ನೋ ಹಳದಿಮಣ್ಣನ್ನೋ ಕಲಸಿದ ಬಣ್ಣವೂ ಅಂತಹುದೇ. ಇವುಗಳನ್ನು ಬಳಸಿದರೆ ಗೋಡೆಗೆ ಕೇಡಿಲ್ಲವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಹಾಗೆ ಮಾಡಿದಾಗಲೂ ಗೋಡೆಯ ದೋಷ ತಪ್ಪಿತಲ್ಲದೆ ಮಾತಿನ ದೋಷ ತಪ್ಪಲಿಲ್ಲ. ವಿಷವಿಲ್ಲದ ಪಾತ್ರೆಯಲ್ಲಿ ಕೊಟ್ಟರೆ ಸುಳ್ಳು ನಿಜವಾಗುವುದಿಲ್ಲ.

ಹೊರದೇಶದ ದೃಷ್ಟಾಂತಗಳನ್ನೂ ನೋಡಬೇಕು. ಏಕೆಂದರೆ ಪೂರ್ವಪಕ್ಷಕ್ಕೆ ಬಲವೆಲ್ಲ ಅಲ್ಲಿಂದ ಬಂದುದು. ಅಮೆರಿಕದಲ್ಲಿ ಹಿಂದೆ ಊರೂರು ತಿರುಗಿ ಕಟ್ಟಡಗಳ ಇಟ್ಟಿಗೆಗೋಡೆಯ ಮೇಲೆ ಜಾಹೀರಾತು ಬರೆಯುವವರಿದ್ದರು. ಅವರಿಗೆ ‘ವಾಲ್ ಡಾಗ್’ ಎಂದು ಅಡ್ಡಹೆಸರು. ಅವರು ಬಳಸಿದ ಸೀಸದ ಬಣ್ಣವು ಗಟ್ಟಿಯಾದುದರಿಂದ ಅವರ ಎಷ್ಟೋ ಅಕ್ಷರಗಳು ಇಂದಿಗೂ ಮಸುಕಾಗಿ ಉಳಿದಿವೆ. ಅವು ನಿಜವಾಗಿ ಹಳೆಯವು; ಅವುಗಳನ್ನು ಜನರು ಪ್ರೀತಿಸುವುದು ಸಹಜ. ಆ ಪ್ರೀತಿಯೇ ಮುಂದೆ ಅನುಕರಣವಾಗಿ ಬೆಳೆಯಿತು. ಆದರೆ ಅಲ್ಲಿಯ ಗೋಡೆ ಬೇರೆ, ಅಲ್ಲಿಯ ಮಳೆ ಬೇರೆ, ಅಲ್ಲಿ ಅಂತಹ ಜಾಹೀರಾತು ನಿಜವಾಗಿಯೂ ಇತ್ತು. ಕೆನಡಾ ದೇಶದ ವ್ಯಾಂಕೂವರ್ ದ್ವೀಪದಲ್ಲಿ ಚಿಮೇನಸ್ ಎಂಬ ಸಣ್ಣ ಊರಿದೆ. ಮರ ಕೊಯ್ಯುವ ಕಾರ್ಖಾನೆಯೇ ಅದರ ಜೀವನ. ಆ ಕಾರ್ಖಾನೆಯು ಕುಗ್ಗುತ್ತಿದ್ದ ಕಾಲದಲ್ಲಿ, ೧೯೮೨ರಲ್ಲಿ, ಊರವರು ಗೋಡೆಗಳ ಮೇಲೆ ಚಿತ್ರ ಬರೆಯಿಸತೊಡಗಿದರು; ೧೯೮೩ರಲ್ಲಿ ಕಾರ್ಖಾನೆ ಮುಚ್ಚಿದರೂ ಊರು ಮುಚ್ಚಲಿಲ್ಲ; ಚಿತ್ರ ನೋಡಲು ಪ್ರವಾಸಿಗಳು ಬಂದರು. ಪೂರ್ವಪಕ್ಷದವರು ಈ ಊರನ್ನು ಮೆರೆಸುವುದು ಸರಿಯೇ. ಆದರೆ ಅಲ್ಲಿ ಬರೆದದ್ದೇನು? ಆ ಊರಿನದೇ ಕಾಡು ಕಡಿಯುವವರು, ಆ ಊರಿನದೇ ಕಾರ್ಖಾನೆ, ಆ ಊರಿನದೇ ಹಳೆಯ ಛಾಯಾಚಿತ್ರಗಳು. ಅಂದರೆ ಸೋಮೇಶ್ವರನ ಮಾತಿನಲ್ಲಿ ವಿದ್ಧಚಿತ್ರ. ಆದುದರಿಂದ ಚಿಮೇನಸ್ಸು ಪೂರ್ವಪಕ್ಷದ ಸಾಕ್ಷಿಯಲ್ಲ, ಸಿದ್ಧಾಂತದ ಸಾಕ್ಷಿ.

ಸ್ವದೇಶದಲ್ಲಿಯೂ ಒಳ್ಳೆಯ ದೃಷ್ಟಾಂತಗಳಿಗೆ ಕೊರತೆಯಿಲ್ಲ. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ನಿನವರು ಸ್ವಚ್ಛತೆಯ ಅಭಿಯಾನ ನಡೆಸಿದಾಗ, ಭಿತ್ತಿಪತ್ರಗಳಿಂದ ಹೊಲಸಾಗಿದ್ದ ಸಾರ್ವಜನಿಕ ಗೋಡೆಗಳನ್ನು ತೊಳೆಯಿಸಿ ಚಿತ್ರ ಬರೆಯಿಸಿದರು. ಗೋಡೆಯು ಮತ್ತೆ ಹೊಲಸಾಗದಿರಲೆಂಬುದು ಅಲ್ಲಿಯ ಉದ್ದೇಶ. ಹಳಮೆಯ ಸೋಗು ಅಲ್ಲಿಲ್ಲ. ಅದಕ್ಕೆ ಆಕ್ಷೇಪವಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಕಥೆ ಇನ್ನೂ ಬೋಧಪ್ರದವಾದುದು. ೧೭೮೦ರ ಪೊಳ್ಳಿಲೂರಿನ ಯುದ್ಧವನ್ನು ಟೀಪುವು ಅಲ್ಲಿ ೧೭೮೪ರ ಆ ಅರಮನೆಯ ಗೋಡೆಯಲ್ಲಿ ಚಿತ್ರಿಸಿಸಿದನು. ಆ ಚಿತ್ರವು ಒಮ್ಮೆ ಅಳಿದು, ವೆಲ್ಲೆಸ್ಲಿಯ ಕಾಲದಲ್ಲಿ ತಿದ್ದಲ್ಪಟ್ಟು, ಮತ್ತೆ ಮಾಸಿ, ಡಾಲ್‌ಹೌಸಿಯ ಆಜ್ಞೆಯಿಂದ ೧೯ನೆಯ ಶತಮಾನದ ನಡುವಿನಲ್ಲಿ ಮರಳಿ ಬರೆಯಲ್ಪಟ್ಟಿತು. ಅಲ್ಲಿ ಮರಳಿ ಬರೆದದ್ದು ಅದೇ ಗೋಡೆಯಲ್ಲಿದ್ದ ಅದೇ ಚಿತ್ರವನ್ನು. ಬರೆಯಿಸಿದವರಾರೆಂಬುದೂ ಲೋಕಕ್ಕೆ ತಿಳಿದಿದೆ. ಸಂತ ಅಲೋಶಿಯಸ್ ಮಂದಿರದ ಚಿತ್ರಗಳಿಗೆ ಈ ಕರಾವಳಿಯ ತೇವವು ಕೇಡು ಮಾಡಿದಾಗ, ೧೯೯೧ರಿಂದ ೧೯೯೪ರವರೆಗೆ ಇನ್‌ಟ್ಯಾಕ್ ಸಂಸ್ಥೆಯ ತಜ್ಞರು ಬಂದು ಇದ್ದುದನ್ನು ಉಳಿಸಿದರು. ಮೊಸ್ಕೇನಿಯ ಹೆಸರಿನಲ್ಲಿ ಹೊಸ ಚಿತ್ರ ಸೇರಿಸಲಿಲ್ಲ. ೧೯೬೪ರ ವೆನಿಸ್ ಸಂಹಿತೆಯೂ ಇದನ್ನೇ ವಿಧಿಸುತ್ತದೆ: ಹೊಸದಾಗಿ ಸೇರಿಸಿದ ಭಾಗವು ಒಟ್ಟಿನೊಡನೆ ಹೊಂದಿಕೊಳ್ಳಲಿ, ಆದರೆ ಮೂಲದಿಂದ ಬೇರೆಯೆಂದು ತಿಳಿಯುವಂತಿರಲಿ, ಇಲ್ಲವಾದರೆ ಚರಿತ್ರೆಯ ಸಾಕ್ಷ್ಯವು ಹುಸಿಯಾಗುವುದು. ಜೀರ್ಣೋದ್ಧಾರವೆಂಬುದು ಈ ದೇಶದ ಶಾಸ್ತ್ರಕ್ಕೆ ಅಪರಿಚಿತವಲ್ಲ. ಮಯಮತದಲ್ಲಿ ಅದಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ಆದರೆ ಜೀರ್ಣಾನುಕರಣವೆಂಬ ಅಧ್ಯಾಯವು ಯಾವ ಶಾಸ್ತ್ರದಲ್ಲಿದೆ?

ಇನ್ನುಳಿದುದು ಕಲಾವಿದರ ಅನ್ನದ ಪ್ರಶ್ನೆ. ಇದು ಗಂಭೀರವಾದುದು. ಫ್ಲೆಕ್ಸಿನ ಯಂತ್ರವು ಬಂದಮೇಲೆ ಕೈಯಿಂದ ಫಲಕ ಬರೆಯುವವರ ವಿದ್ಯೆಗೆ ಬೆಲೆ ತಪ್ಪಿತು. ಬೆಂಗಳೂರಿನ ಮಹಾನಗರಪಾಲಿಕೆಯು ೨೦೦೯ರ ಸುಮಾರಿನಲ್ಲಿ ನಗರದ ಗೋಡೆಗಳಿಗೆ ಚಿತ್ರ ಬರೆಯಿಸಿದಾಗ, ಸಿನಿಮಾದ ದೊಡ್ಡ ಫಲಕಗಳನ್ನು ಬರೆಯುತ್ತಿದ್ದವರಿಗೆ ಕೆಲಸ ಸಿಕ್ಕಿತು. ಅದು ಸಂತೋಷದ ಸಂಗತಿಯೇ. ಆದರೆ ಅನ್ನವನ್ನು ಕೊಡಬೇಕೆಂದಿದ್ದರೆ ಕಲಾವಿದನಿಂದ ಸುಳ್ಳುಫಲಕ ಬರೆಯಿಸುವುದೇಕೆ? ನಿಜವಾದ ಫಲಕವನ್ನು ಬರೆಯಿಸಬಾರದೇ? ಪೇಟೆಯಲ್ಲಿ ಇಂದು ತೆರೆದಿರುವ ಪ್ರತಿಯೊಂದು ಅಂಗಡಿಯೂ ಫ್ಲೆಕ್ಸನ್ನು ಇಳಿಸಿ, ತನ್ನ ಹೆಸರನ್ನು ಕನ್ನಡದ ದುಂಡಕ್ಷರದಲ್ಲಿ ಹಲಗೆಯ ಮೇಲೆ ಬರೆಯಿಸಿ, ಮೂರು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡಿಸಿದರೆ ಕಲಾವಿದನಿಗೆ ಒಂದು ಚಿತ್ರದ ಕೂಲಿಯಲ್ಲ, ಬಾಳಿನುದ್ದಕ್ಕೂ ಕೆಲಸ ಸಿಕ್ಕುವುದು. ಒಮ್ಮೆ ಬರೆದು ಹೋಗುವವನು ಅತಿಥಿ; ಮತ್ತೆ ಮತ್ತೆ ಕರೆಯಲ್ಪಡುವವನು ಊರಿನವನು.

ಗೋಡೆಯ ಮೇಲೆ ಅಲಂಕಾರವೇ ಬೇಕೆಂದರೆ ಕರಾವಳಿಯ ಸ್ವಂತ ಕಲೆಯೊಂದು 'ಕಾವಿ' ಎಂಬ ಹೆಸರಿನಿಂದ ಕಾದು ಕುಳಿತಿದೆ. ಹಸಿಯಾದ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪವನ್ನು ಕೊಟ್ಟು, ಅದು ಆರುವ ಮುನ್ನ ಮೊನೆಯಿಂದ ಕೆರೆದು ಬಿಳುಪನ್ನು ಹೊರದೆಗೆದು, ಕೆಂಪುಬಿಳಿಗಳೆರಡರಿಂದಲೇ ಬಳ್ಳಿ, ಹೂ, ದೇವತೆಗಳನ್ನು ಮೂಡಿಸುವ ಕಲೆಯಿದು. ಗೋವೆಯಿಂದ ಕನ್ನಡ ಕರಾವಳಿಯವರೆಗೆ ಗೌಡ ಸಾರಸ್ವತರ ದೇವಾಲಯಗಳಲ್ಲಿ ಇದು ವಿಶೇಷವಾಗಿ ಬಳಕೆಯಲ್ಲಿತ್ತು. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು (೧೯೩೪–೨೦೦೨) ಊರೂರು ಅಲೆದು ಇದನ್ನು ದಾಖಲು ಮಾಡದಿದ್ದರೆ ಇದರ ಹೆಸರೂ ಮರೆತುಹೋಗುವಂತಿತ್ತು. ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆ ಕೆಡವಿ ಸಿಮೆಂಟು ಹಾಕಿದಾಗ ಈ ಕಲೆಯ ಎಷ್ಟೋ ಮಾದರಿಗಳು ಮಣ್ಣುಪಾಲಾದವು. ಗೋಡೆಯ ಉಸಿರು ಕಟ್ಟದ, ಈ ನೆಲದ ಮಣ್ಣಿನಿಂದಲೇ ಹುಟ್ಟಿದ ವಿದ್ಯೆಯಿರುವಾಗ, ಗ್ರಾಮಫೋನಿನ ಗೃಹಸ್ಥನನ್ನು ಕಡಲಾಚೆಯಿಂದ ಏಕೆ ಬರಮಾಡಿಕೊಳ್ಳಬೇಕು?

ಈ ವಿಚಾರವು ಬರಿಯ ರುಚಿಯ ವಿಚಾರವಲ್ಲವೆಂಬುದಕ್ಕೆ ಇನ್ನೊಂದು ಕಾರಣವಿದೆ. ಕೇಂದ್ರ ಸರಕಾರದ ೧೯೫೮ರ ಕಾಯಿದೆಯಾಗಲಿ ರಾಜ್ಯದ ೧೯೬೧ರ ಕಾಯಿದೆಯಾಗಲಿ ಸ್ಮಾರಕಗಳೆಂದು ಘೋಷಿತವಾದ ಕಟ್ಟಡಗಳನ್ನು ಮಾತ್ರ ಕಾಯುತ್ತವೆ. ಮೂಡಬಿದಿರೆಯ ೧೪೩೦ರ ಸಾವಿರಕಂಬದ ಬಸದಿಗೆ ಕೀರ್ತಿಯಿದೆ, ಕಾಯುವವರಿದ್ದಾರೆ. ಅಡಿಕೆಯ ಅಂಗಡಿಗೆ, ಜವಳಿಯ ಮಳಿಗೆಗೆ, ಹೊಳೆಬದಿಯ ಉಗ್ರಾಣಕ್ಕೆ ಕಾಯಿದೆಯ ಆಸರೆಯಿಲ್ಲ. ಒಡೆಯನು ಇಂದು ಮನಸ್ಸು ಮಾಡಿದರೆ ನಾಳೆ ಕೆಡವಬಹುದು. ಅವುಗಳಿಗಿರುವ ರಕ್ಷಣೆ ಎರಡೇ: ಒಡೆಯನ ಅಭಿಮಾನ, ವರ್ಷದ ಸುಣ್ಣ. ಚಿತ್ರಕ್ಕಾಗಿ ಕೂಡಿಸಿದ ಹಣವು ಈ ಎರಡಕ್ಕೆ ಸಲ್ಲದೆ ಬಣ್ಣದ ಡಬ್ಬಿಗೆ ಸಂದರೆ, ಊರು ತನ್ನ ಕಟ್ಟಡವನ್ನು ಮಾರಿ ಅದರ ಚಿತ್ರವನ್ನು ಕೊಂಡಂತಾಯಿತು. ಅದೇ ಅಂಗಡಿಯ ಮಾಡಿನ ಹಂಚನ್ನು ತೆಗೆದು ನೋಡಿರಿ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಸೀಮೆಯ ಹೊಳೆದಂಡೆಯ ಜೇಡಿಮಣ್ಣು ಹಂಚಾಗುತ್ತ ಬಂದಿದೆ. ಹಂಚಿನ ಮೈಮೇಲೆ ಮಾಡಿದವರ ಹೆಸರಿನ ಅಚ್ಚಿರುವುದು. ಯಾರೂ ನೋಡದ ಕಡೆಯಲ್ಲಿ ಹಂಚು ತನ್ನ ಹುಟ್ಟನ್ನು ನಿಜವಾಗಿ ಹೇಳುತ್ತಿದೆ. ಅದರ ಕೆಳಗಿನ ಗೋಡೆಯು, ಎಲ್ಲರೂ ನೋಡುವ ಕಡೆಯಲ್ಲಿ, ತನ್ನ ಹುಟ್ಟನ್ನು ಸುಳ್ಳಾಗಿ ಹೇಳಬೇಕೆ?

ನಿಷೇಧವನ್ನಷ್ಟೇ ಹೇಳಿ ವಿಧಿಯನ್ನು ಹೇಳದಿದ್ದರೆ ವಾದವು ಅರ್ಧವಾಗುವುದು. ವಿಧಿಯಿದು. ಮೊದಲು ಮಾಡು: ಒಡೆದ ಹಂಚು, ಗೆದ್ದಲು ಹಿಡಿದ ಪಕ್ಕಾಸು, ಕಿತ್ತುಹೋದ ರೀಪುಗಳನ್ನು ಸರಿಪಡಿಸತಕ್ಕದ್ದು, ಸೋರುವ ಮಾಡಿನ ಕೆಳಗೆ ಯಾವ ಚಿತ್ರವೂ ಬಾಳದು. ಎರಡನೆಯದು ಗೋಡೆ: ಸಿಮೆಂಟಿನ ತೇಪೆಯನ್ನು ಬಿಡಿಸಿ ಸುಣ್ಣದ ಗಾರೆಯನ್ನೇ ಕೊಟ್ಟು, ಸುಣ್ಣವನ್ನೇ ಬಳಿಯತಕ್ಕದ್ದು. ಮೂರನೆಯದು ಫಲಕ: ಇದ್ದ ಅಂಗಡಿಯ ಇದ್ದ ಹೆಸರನ್ನು ಕೈಯಿಂದ ಬರೆಯಿಸತಕ್ಕದ್ದು, ಹಳೆಯ ನಿಜವಾದ ಅಕ್ಷರವು ಎಲ್ಲಿಯಾದರೂ ಮಸುಕಾಗಿ ಉಳಿದಿದ್ದರೆ ಅದರ ಮೇಲೆ ಕುಂಚವಿಡದೆ ಕಾಯತಕ್ಕದ್ದು. ನಾಲ್ಕನೆಯದು ಚಿತ್ರ: ಬರೆಯಲೇಬೇಕೆಂದರೆ ಊರಿನಲ್ಲಿ ಇದ್ದುದನ್ನು, ಛಾಯಾಚಿತ್ರದಿಂದಲೋ ಹಿರಿಯರ ಬಾಯಿಂದಲೋ ನಿಶ್ಚಯಮಾಡಿಕೊಂಡು, ಗೋಡೆಗೆ ಒಗ್ಗುವ ವರ್ಣದಲ್ಲಿ ಬರೆಯಿಸಿ, ಕೆಳಗೆ ಕಲಾವಿದನ ಹೆಸರನ್ನೂ ಬರೆದ ವರ್ಷವನ್ನೂ ಸ್ಪಷ್ಟವಾಗಿ ಹಾಕತಕ್ಕದ್ದು, ಹೊಸದನ್ನು ತಿಕ್ಕಿ ಹಳೆಯದು ಮಾಡಕೂಡದು. ಬಂಟ್ವಾಳದಲ್ಲಿ ೧೮೭೪ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮುಖವನ್ನು ಅಲ್ಲಿಯ ಶಾಲೆಯೊಂದರ ಗೋಡೆಯಲ್ಲಿ ಇಂದಿನ ಕಲಾವಿದನು ತನ್ನ ಹೆಸರು ಹಾಕಿ ಬರೆದರೆ ಅದನ್ನು ಯಾರು ಹುಸಿಯೆಂದಾರು?

ಪಾಣೆಮಂಗಳೂರಿಗೆ ಅತ್ಯಂತ ಯೋಗ್ಯವಾದ ಭಿತ್ತಿಚಿತ್ರವೊಂದಿದೆ. ಅದಕ್ಕೆ ದೊಡ್ಡ ಕಲಾವಿದನೂ ಬೇಡ, ಹೆಚ್ಚು ಹಣವೂ ಬೇಡ. ೧೯೨೩ರಲ್ಲಿ ನೇತ್ರಾವತಿಗೆ ಬಂದ ನೆರೆಯನ್ನು ತುಳುವರು ಮಾರಿಬೊಳ್ಳವೆಂದು ಕರೆದರು. ೧೯೭೪ರಲ್ಲಿ ಮತ್ತೆ ಮಹಾಪೂರ ಬಂದಿತು; ೨೦೧೯ರ ಆಗಸ್ಟಿನಲ್ಲಿಯೂ ಹೊಳೆಯು ದಡ ಮೀರಿ ತಗ್ಗಿನ ಮನೆಗಳನ್ನು ಹೊಕ್ಕಿತು. ೧೯೭೪ರ ನೀರು ಯಾವ ಅಂಗಡಿಯ ಯಾವ ಮೆಟ್ಟಿಲಿಗೆ, ಯಾವ ಕಿಟಕಿಗೆ ಬಂದಿತ್ತೆಂದು ಬೆರಳಿಟ್ಟು ತೋರಿಸಬಲ್ಲ ಹಿರಿಯರು ಇನ್ನೂ ಬದುಕಿರುವರು. ಅವರ ತಂದೆತಾಯಿಗಳು ೧೯೨೩ರ ಮಟ್ಟವನ್ನು ಅವರಿಗೆ ತೋರಿಸಿರಬಹುದು. ಅವರನ್ನು ಕರೆದು, ಅವರು ಹೇಳಿದ ಮಟ್ಟಕ್ಕೆ ಗೋಡೆಗೋಡೆಯಲ್ಲಿಯೂ ಕೆಮ್ಮಣ್ಣಿನ ಒಂದು ಗೆರೆಯೆಳೆದು, ಪಕ್ಕದಲ್ಲಿ ಇಸವಿಯನ್ನು ಬರೆಯಲಿ. ಬೀದಿಯುದ್ದಕ್ಕೂ ಹರಿದ ಆ ಗೆರೆಯನ್ನು ಕಂಡ ಪ್ರವಾಸಿಯು ನಿಂತು ಕೇಳುವನು. ಊರವನು ಹೇಳಲು ಕಥೆಯಿರುವುದು. ಹೊಳೆಬದಿಯಲ್ಲಿ ಹೊಸ ಮನೆ ಕಟ್ಟಿಸಹೊರಟವನಿಗೆ ತನ್ನ ಪಂಚಾಂಗವನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕೆಂಬ ಬುದ್ಧಿಯೂ ಅದರಿಂದಲೇ ಬರುವುದು.

ಆದರೆ ಈ ಕೆಲಸಕ್ಕೆ ಕಾಲಾವಕಾಶವು ಹೆಚ್ಚಾಗಿಲ್ಲ. ೧೯೭೪ರಲ್ಲಿ ಇಪ್ಪತ್ತರ ತರುಣನಾಗಿದ್ದವನಿಗೆ ಇಂದು ಎಪ್ಪತ್ತು ದಾಟಿದೆ. ಪೇಟೆಯ ವರ್ತಕರೂ, ದೇವಸ್ಥಾನ ಮಸೀದಿಗಳ ಆಡಳಿತದವರೂ, ಶಾಲೆಗಳ ಉಪಾಧ್ಯಾಯರೂ ಕೂಡಿ ಮುಂದಿನ ಮಳೆಗಾಲದೊಳಗೆ ಆ ಹಿರಿಯರ ಬಳಿಗೆ ಹೋಗಿ ಕೇಳಿಕೊಂಡರೆ ಗೆರೆ ಎಳೆಯಬಹುದು. ಅವರು ಹೋದಮೇಲೆ ಎಳೆದರೆ ಅದೂ ಮತ್ತೊಂದು ಹುಸಿಚಿತ್ರವಾಗುವುದು.